ಬಾಯಿ ಕ್ಯಾನ್ಸರ್: ಟೈಟಾನಿಯಂ ಪ್ಲೇಟಿಗಿಂತ ಮೊದಲು ನಮ್ಮ ತಾಲ್ಲೂಕುಗಳಿಗೆ ಬರಬೇಕಾದದ್ದು

ಮಾನ್ಯ ಸಂಪಾದಕರೇ,

ಹೊಸ ಮಿಶ್ರಲೋಹಗಳು, ಶಸ್ತ್ರಚಿಕಿತ್ಸೆಯ ಹೊಸ ವಿಧಾನಗಳು, ಕ್ಯಾನ್ಸರ್ ಔಷಧಿಗಳು ಮತ್ತು ವ್ಯಸನ ಬಿಡಿಸುವ ಚಿಕಿತ್ಸೆಗಳ ಕುರಿತ ಸಂಶೋಧನೆಯ ಸುದ್ದಿಗಳು ಈಚೆಗೆ ಕನ್ನಡ ಪತ್ರಿಕೆಗಳ ವಿಜ್ಞಾನ ಮತ್ತು ಆರೋಗ್ಯ ಪುಟಗಳಲ್ಲಿ ಹೆಚ್ಚಾಗಿ ಕಾಣಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಸುದ್ದಿಗಳಾಗಿ, ಬೇರೆ ಬೇರೆ ಚೌಕಟ್ಟುಗಳಲ್ಲಿ ಅಚ್ಚಾಗುತ್ತಿವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಎಷ್ಟೋ ಮನೆಗಳಲ್ಲಿ ಈ ನಾಲ್ಕೂ ವಿಷಯಗಳು ಒಬ್ಬನೇ ಮನುಷ್ಯನ ಬಾಯಲ್ಲಿ ಒಂದಾದ ಮೇಲೊಂದರಂತೆ ನಡೆದುಹೋಗುತ್ತವೆ. ಮೊದಲು ಗುಟ್ಕಾ ಅಥವಾ ತಂಬಾಕಿನ ಚಟ, ಹತ್ತಿಪ್ಪತ್ತು ವರ್ಷಗಳ ನಂತರ ಕೆನ್ನೆಯ ಒಳಗೋ ನಾಲಿಗೆಯ ಅಂಚಿನಲ್ಲೋ ಹುಣ್ಣು, ಆಮೇಲೆ ದವಡೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ, ಕೊನೆಗೆ ಆ ಜಾಗಕ್ಕೆ ಟೈಟಾನಿಯಂ ಪ್ಲೇಟು. ಈ ಸರಪಳಿಯ ಕೊನೆಯ ಕೊಂಡಿಗೆ ದೊಡ್ಡ ತಲೆಬರಹ ಸಿಗುತ್ತಿದೆ. ಅತ್ಯಂತ ಗಟ್ಟಿಯಾದ ಪುರಾವೆ ಇರುವ, ಅತ್ಯಂತ ಕಡಿಮೆ ಖರ್ಚಿನ ಮೊದಲ ಕೊಂಡಿಗೆ ಪುಟದಲ್ಲಿ ಜಾಗವೇ ಇಲ್ಲ. ಈ ವಿಚಾರವಾಗಿ ತಮ್ಮ ಗಮನವನ್ನೂ, ತಮ್ಮ ಪತ್ರಿಕೆಯ ಮೂಲಕ ಆರೋಗ್ಯ ಇಲಾಖೆಯ ಗಮನವನ್ನೂ ಸೆಳೆಯಲು ಈ ಪತ್ರ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಬಹುಕಾಲ ಲೋಹಶಾಸ್ತ್ರ ಪಾಠ ಮಾಡಿದವನು. ನನ್ನ ಕೈಯಲ್ಲಿ ಓದಿದ ಹುಡುಗರಲ್ಲಿ ಅನೇಕರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಸಂಡೂರಿನ ಅದಿರು ಗಣಿಗಳಿಗೆ, ಹಟ್ಟಿಯ ಚಿನ್ನದ ಗಣಿಗೆ, ಕೊಪ್ಪಳ ಸುತ್ತಮುತ್ತಲಿನ ಸ್ಪಾಂಜ್ ಐರನ್ ಘಟಕಗಳಿಗೆ ಕೆಲಸಕ್ಕೆ ಸೇರಿದರು. ಹೀಗಾಗಿ ಈ ಸರಪಳಿಯಲ್ಲಿ ಲೋಹದ ತುದಿಯನ್ನು ಓದಿನಿಂದಲೂ, ಚಟದ ತುದಿಯನ್ನು ರಾತ್ರಿ ಪಾಳಿಯ ಹುಡುಗರ ಬಾಯಿ ನೋಡಿಯೂ ಬಲ್ಲೆ.

ಮೊದಲು ಲೋಹದ ವಿಷಯ. ಟೈಟಾನಿಯಂ ದೇಹಕ್ಕೆ ಒಗ್ಗುತ್ತದೆ ಎಂಬುದು ಹೊಸ ಶೋಧವಲ್ಲ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಸಾಧನವು ಮೂಳೆಯ ಜೊತೆ ಬೆಸೆದುಕೊಂಡು ಬಿಡಿಸಲಾಗದಂತೆ ಆದದ್ದನ್ನು ಗಮನಿಸಿದರು. 1965ರಲ್ಲಿ ಮನುಷ್ಯನ ದವಡೆಯಲ್ಲಿ ಟೈಟಾನಿಯಂ ಬೇರಿನ ಮೇಲೆ ಕೃತಕ ಹಲ್ಲು ಕೂಡಿಸಿದರು. ಗಾಳಿ ತಾಗಿದೊಡನೆ ಈ ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಎಂಜಲು, ರಕ್ತ, ಉಪ್ಪಿನಂಶ ಯಾವುದೂ ಒಳಗಿನ ಲೋಹವನ್ನು ತಿನ್ನದಂತೆ ಕಾಪಾಡುವುದು ಆ ಪದರವೇ. ಉಳಿದಿರುವ ತೊಂದರೆ ಬಿಗಿತದ್ದು. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಬಿಗಿತದ ಅಳತೆ, ಸುಮಾರು 200 ಗಿಗಾಪ್ಯಾಸ್ಕಲ್, ಸಾಮಾನ್ಯವಾಗಿ ಬಳಸುವ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ನಮ್ಮ ಗಟ್ಟಿ ಮೂಳೆಯದು 20ರ ಆಸುಪಾಸು. ಬಿಗಿಯಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತುಕೊಂಡರೆ ಪಕ್ಕದ ಮೂಳೆಗೆ ಕೆಲಸವಿಲ್ಲದಂತಾಗಿ ಅದು ಸವೆಯುತ್ತಾ ಹೋಗುತ್ತದೆ, ಕಾಲಕ್ರಮದಲ್ಲಿ ಸ್ಕ್ರೂಗಳು ಸಡಿಲವಾಗುತ್ತವೆ. ಈಗಿನ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಈ ಅಂತರವನ್ನು ಕಡಿಮೆ ಮಾಡುವ ಕಡೆಗೇ ಹರಿಯುತ್ತಿದೆ.

ದವಡೆಗೆ ಹಾಕುವ ಪ್ಲೇಟನ್ನು ಓದುಗರು ಕಣ್ಮುಂದೆ ತಂದುಕೊಳ್ಳಬೇಕು. ಅದು ಎರಡು ಮೂರು ಮಿಲಿಮೀಟರ್ ದಪ್ಪದ, ಉದ್ದಕ್ಕೂ ಸ್ಕ್ರೂ ತೂತುಗಳಿರುವ ಒಂದು ಪಟ್ಟಿ. ನೇರವಾಗಿ ಬರುವ ಪಟ್ಟಿಯನ್ನು ಶಸ್ತ್ರಚಿಕಿತ್ಸಕರು ರೋಗಿಯ ದವಡೆಯ ತಿರುವಿಗೆ ಹೊಂದುವವರೆಗೆ ವಿಶೇಷ ಇಕ್ಕಳದಿಂದ ಬಗ್ಗಿಸಿ, ಹಚ್ಚಿ ನೋಡಿ, ಮತ್ತೆ ಬಗ್ಗಿಸಿ ಕೂಡಿಸುತ್ತಾರೆ. ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ವೈರನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತುಂಡು ಮಾಡುವಾಗ ತಂತಿಯೊಳಗೆ ಏನಾಗುತ್ತದೆಯೋ, ಅದೇ ಇಲ್ಲಿಯೂ ಸಣ್ಣ ಪ್ರಮಾಣದಲ್ಲಿ ಆಗುತ್ತದೆ. ಬಗ್ಗಿಸಿದ ಜಾಗದಲ್ಲಿ, ಅದರಲ್ಲೂ ತೂತಿನ ಅಂಚಿನಲ್ಲಿ ಒತ್ತಡ ಉಳಿದುಕೊಳ್ಳುತ್ತದೆ. ದಿನಕ್ಕೆ ನೂರಾರು ಸಲ ಅಗಿಯುವ ದವಡೆಯಲ್ಲಿ ಅಲ್ಲಿಂದಲೇ ಕೂದಲೆಳೆಯಂಥ ಬಿರುಕು ಹುಟ್ಟಿ ಬೆಳೆಯುತ್ತದೆ. ಪ್ಲೇಟು ಮುರಿದು ಎರಡನೆಯ ಸಲ ಶಸ್ತ್ರಚಿಕಿತ್ಸೆಗೆ ಹೋಗಬೇಕಾಗಿ ಬರುವುದಕ್ಕೆ ಇದೊಂದು ಕಾರಣ. ಈಗ ಸಿ.ಟಿ. ಸ್ಕ್ಯಾನ್ ಆಧರಿಸಿ ರೋಗಿಯ ದವಡೆಯ ಅಳತೆಗೇ ಪ್ಲೇಟನ್ನು ವಿನ್ಯಾಸ ಮಾಡಿ, ಟೈಟಾನಿಯಂ ಪುಡಿಯನ್ನು ಪದರ ಪದರವಾಗಿ ಲೇಸರ್‌ನಿಂದ ಕರಗಿಸಿ ಕೂಡಿಸುವ ತ್ರೀಡಿ ಮುದ್ರಣ ಬಂದಿದೆ. ಬಗ್ಗಿಸುವ ಪ್ರಮೇಯವೇ ಇಲ್ಲದ್ದರಿಂದ ಇದು ನಿಜವಾಗಿಯೂ ಒಂದು ಹೆಜ್ಜೆ ಮುಂದೆ. ಜಾಲರಿಯಂತೆ ರಂಧ್ರಗಳಿಟ್ಟು ಮುದ್ರಿಸಿದರೆ ಬಿಗಿತವೂ ಇಳಿಯುತ್ತದೆ, ರಂಧ್ರಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ. ಆದರೆ ಹೀಗೆ ಮುದ್ರಿಸಿದ ಲೋಹದ ಮೇಲ್ಮೈ ಒರಟಾಗಿದ್ದು ಒಳಗೆ ಸಣ್ಣ ಗುಳ್ಳೆಗಳು ಉಳಿಯಬಹುದು. ಆಮೇಲೆ ಶಾಖ ಮತ್ತು ಒತ್ತಡದ ಸಂಸ್ಕರಣೆ ಸರಿಯಾಗಿ ಆಗದಿದ್ದರೆ ಅಲ್ಲಿಂದಲೂ ಬಿರುಕು ಶುರುವಾಗುತ್ತದೆ. ತಲೆಬರಹದಲ್ಲಿ ‘ಮುದ್ರಿತ ದವಡೆ’ ಎಂದು ಬಂದಾಗ ಈ ಎರಡನೆಯ ಮಾತು ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ದೇಹದೊಳಗೇ ಕರಗಿಹೋಗುವ ಮೆಗ್ನೀಸಿಯಂ ಸ್ಕ್ರೂಗಳ ಬಗ್ಗೆಯೂ ಹಾಗೆಯೇ. ಯುರೋಪಿನಲ್ಲಿ 2013ರಲ್ಲಿ, ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಇಂಥ ಸ್ಕ್ರೂಗಳಿಗೆ ಅನುಮತಿ ದೊರೆತಿದೆ, ಸಣ್ಣ ಮೂಳೆಗಳಲ್ಲಿ ಬಳಕೆಯಲ್ಲಿವೆ. ಮೆಗ್ನೀಸಿಯಂ ಕರಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದು ತೀರಾ ಬೇಗ ಕರಗದಂತೆ, ಮೂಳೆ ಕೂಡುವವರೆಗೆ ಬಲ ಉಳಿಯುವಂತೆ ಮಿಶ್ರಲೋಹವನ್ನು ಹದಗೊಳಿಸುವುದೇ ಇಲ್ಲಿನ ಸವಾಲು. ಅಗಿಯುವ ಭಾರ ಹೊರಬೇಕಾದ ದವಡೆಯ ಪ್ಲೇಟಿಗೆ ಇದು ಸದ್ಯಕ್ಕೆ ಪರ್ಯಾಯವಲ್ಲ. ದೇಹದೊಳಗೆ ಹೋಗುವ ಹೊಸ ಲೋಹದ ವಿಷಯದಲ್ಲಿ ಆತುರ ಸಲ್ಲದು ಎಂಬುದಕ್ಕೆ ಲೋಹಕ್ಕೆ ಲೋಹ ಉಜ್ಜುವಂಥ ಸೊಂಟದ ಕೃತಕ ಕೀಲಿನ ಪ್ರಕರಣ ಸಾಕ್ಷಿ. ಬಹುಕಾಲ ಬಾಳಿಕೆ ಬರುತ್ತದೆಂದು ಮಾರಾಟಕ್ಕೆ ಬಂದ ಅಂಥ ಒಂದು ಕೀಲು ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳನ್ನು ರೋಗಿಗಳ ದೇಹಕ್ಕೆ ಸುರಿಸುತ್ತಿರುವುದು ತಿಳಿದು 2010ರಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಭಾರತದ ರೋಗಿಗಳೂ ಅದರ ನೋವು ಉಂಡಿದ್ದಾರೆ.

ಶಸ್ತ್ರಚಿಕಿತ್ಸೆಗೆ ಬಂದರೆ, ಕತ್ತರಿಸಿದ ದವಡೆಯ ಜಾಗಕ್ಕೆ ಮೀನಖಂಡದ ಪಕ್ಕದ ತೆಳುಮೂಳೆಯನ್ನು ಅದರ ರಕ್ತನಾಳಗಳ ಸಮೇತ ತಂದು, ಸೂಕ್ಷ್ಮದರ್ಶಕದ ಕೆಳಗೆ ಕತ್ತಿನ ರಕ್ತನಾಳಗಳಿಗೆ ಹೊಲಿಯುವ ವಿಧಾನ 1980ರ ದಶಕದ ಕೊನೆಯಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಪ್ಲೇಟು ಆ ಮೂಳೆಯನ್ನು ಹಿಡಿದಿಡುವ ಆಧಾರ ಮಾತ್ರ. ಇಡೀ ದಿನ ಹಿಡಿಯುವ ಈ ಕೆಲಸಕ್ಕೆ ನುರಿತ ತಂಡ ಬೇಕು. ಇಲ್ಲಿ ಭಾರತದ್ದೇ ಒಂದು ಮಹತ್ವದ ಅಧ್ಯಯನವನ್ನು ಹೇಳಲೇಬೇಕು. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕತ್ತಿನಲ್ಲಿ ಗಂಟು ಕಾಣಿಸದಿರುವಾಗ, ಬಾಯಿಯ ಗೆಡ್ಡೆಯ ಜೊತೆಗೇ ಕ್ಯಾನ್ಸರ್ ಹರಡಬಹುದಾದ ಕತ್ತಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂಬ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದಿತ್ತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಹೋದ್ಯೋಗಿಗಳು ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80. ಕಾದು ನೋಡಿದ ಗುಂಪಿನಲ್ಲಿ ಶೇ 67.5. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದಷ್ಟೇ ತಿಳಿದದ್ದರಿಂದ ಪ್ರತಿ ಎಂಟು ಜನರಲ್ಲಿ ಒಂದು ಜೀವ ಉಳಿಯುತ್ತದೆ. ಮುದ್ರಿತ ದವಡೆಗೆ ಸಿಗುವ ಅಕ್ಷರದ ಗಾತ್ರ ಇಂಥ ಸುದ್ದಿಗೂ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಬಾಯಿಯ ವಿಷಯದಿಂದ ಸ್ವಲ್ಪ ಆಚೆಗಿನದಾದರೂ ಇದೇ ಜಾತಿಯ ಇನ್ನೊಂದು ಭಾರತೀಯ ಅಧ್ಯಯನವನ್ನು ಹೇಳುತ್ತೇನೆ. ಸ್ತನ ಕ್ಯಾನ್ಸರಿನ ಗೆಡ್ಡೆಯನ್ನು ತೆಗೆಯುವ ಕೆಲವೇ ನಿಮಿಷಗಳ ಮೊದಲು ಅದರ ಸುತ್ತಲೂ, ಹಲ್ಲು ಕೀಳುವಾಗ ಕೊಡುವ ಅದೇ ಲಿಡೊಕೇನ್ ಅರಿವಳಿಕೆಯನ್ನು ಚುಚ್ಚಿದರೆ ಆರು ವರ್ಷದ ಬದುಕುಳಿಯುವಿಕೆ ಶೇ 86.4ರಿಂದ ಶೇ 90.1ಕ್ಕೆ ಏರಿತು ಎಂದು 2023ರಲ್ಲಿ ಪ್ರಕಟವಾಯಿತು. ಪಾಲ್ಗೊಂಡವರು 1,583 ಮಹಿಳೆಯರು. ಔಷಧಿಯ ಬೆಲೆ ಅತ್ಯಲ್ಪ.

ಕ್ಯಾನ್ಸರ್ ಔಷಧಿಗಳಲ್ಲಿ ಈಗ ಹೆಚ್ಚು ಕೇಳಿಬರುವ ಹೆಸರು ಇಮ್ಯುನೊಥೆರಪಿ, ಅಂದರೆ ನಮ್ಮದೇ ರೋಗನಿರೋಧಕ ಕಣಗಳ ಮೇಲಿನ ತಡೆಯನ್ನು ತೆಗೆದು ಕ್ಯಾನ್ಸರಿನ ಮೇಲೆ ಬಿಡುವುದು. ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ಮುಂಚೆ ಮತ್ತು ನಂತರ ಪೆಂಬ್ರೊಲಿಜುಮಾಬ್ ಎಂಬ ಇಂಥ ಔಷಧಿ ಕೊಟ್ಟರೆ ರೋಗ ಮರಳದೆ ಉಳಿಯುವ ಅವಧಿ ಹೆಚ್ಚುತ್ತದೆ ಎಂದು 714 ರೋಗಿಗಳ ಅಧ್ಯಯನವೊಂದು ತೋರಿಸಿದ್ದು, ಅದರ ಆಧಾರದ ಮೇಲೆ 2025ರ ಜೂನ್‌ನಲ್ಲಿ ಅಮೆರಿಕ ಅನುಮತಿ ನೀಡಿದೆ. ಇದು ದೊಡ್ಡ ಫಲಿತಾಂಶವೇ. ಆದರೆ ಇದರ ಖರ್ಚು ಲಕ್ಷಗಳಲ್ಲಿ ಓಡುತ್ತದೆ. ಸಿಂಧನೂರಿನ ಭತ್ತದ ಗದ್ದೆಯಲ್ಲಿ ಅಥವಾ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನ ಮನೆಯವರು ಈ ಸುದ್ದಿ ಓದಿ ಹೊಲ ಮಾರುವ ಮಾತಾಡಿದರೆ ಆಶ್ಚರ್ಯವಿಲ್ಲ. ಅದೇ ಮನೆಯವರಿಗೆ ತಿಳಿಯಬೇಕಾದ ಮತ್ತೊಂದು ಫಲಿತಾಂಶ ಮತ್ತೆ ಮುಂಬೈನಿಂದಲೇ ಬಂದಿದೆ. ಗುಣಪಡಿಸಲಾಗದ ಹಂತ ಮುಟ್ಟಿದ ತಲೆ–ಕತ್ತಿನ ಕ್ಯಾನ್ಸರ್ ರೋಗಿಗಳಿಗೆ, ಬಾಯಿಯಿಂದ ನುಂಗುವ ಕಡಿಮೆ ಬೆಲೆಯ ಮಾತ್ರೆಗಳ ಜೊತೆಗೆ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ಕೊಡಲಾಯಿತು. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕೊಡುವ ಪ್ರಮಾಣ 240 ಮಿಲಿಗ್ರಾಂ. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆಗಳಷ್ಟೇ ಪಡೆದ ಗುಂಪಿನಲ್ಲಿ ಶೇ 16.3, ಸಣ್ಣ ಪ್ರಮಾಣದ ನಿವೊಲುಮಾಬ್ ಸೇರಿಸಿದ ಗುಂಪಿನಲ್ಲಿ ಶೇ 43.4. ರೋಗಿಗಳ ಸಂಖ್ಯೆ 151 ಮಾತ್ರ ಎಂಬುದನ್ನು ಮರೆಯಬಾರದು, ಇದು ರೋಗವನ್ನು ವಾಸಿ ಮಾಡುವ ಚಿಕಿತ್ಸೆ ಅಲ್ಲ ಎಂಬುದನ್ನೂ ಮರೆಯಬಾರದು. ಆದರೂ ಬಡವರ ಕೈಗೆಟುಕುವ ದಾರಿಯನ್ನು ನಮ್ಮ ದೇಶದ ವೈದ್ಯರೇ ಹುಡುಕಿ ತೋರಿಸಿರುವಾಗ ಅದು ಜಿಲ್ಲಾ ಆಸ್ಪತ್ರೆಗಳಿಗೆ ಬರುವ ರೋಗಿಗಳ ಕಿವಿಗೆ ಬೀಳಬೇಕು. ಕಾರ್-ಟಿ ಎಂಬ ಕೋಶ ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಅನುಮತಿ ದೊರೆತ ಸುದ್ದಿಯನ್ನು ಓದಿ, ಬಾಯಿ ಕ್ಯಾನ್ಸರಿಗೂ ಅದು ಬಂದಿತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಅದು ರಕ್ತ ಮತ್ತು ದುಗ್ಧರಸ ಗ್ರಂಥಿಗಳ ಕೆಲವು ಬಗೆಯ ಕ್ಯಾನ್ಸರುಗಳಿಗೆ ಮಾತ್ರ. ಈ ಒಂದು ಸಾಲು ಸುದ್ದಿಯಲ್ಲಿ ಸ್ಪಷ್ಟವಾಗಿ ಇದ್ದಿದ್ದರೆ ಒಂದು ಮನೆಯ ಸುಳ್ಳು ಭರವಸೆ ತಪ್ಪುತ್ತಿತ್ತು.

ಇನ್ನು ಸರಪಳಿಯ ಮೊದಲ ತುದಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3,89,800 ಬಾಯಿ ಕ್ಯಾನ್ಸರುಗಳಲ್ಲಿ 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಸೇವನೆಯೇ ಕಾರಣ. ಅವುಗಳಲ್ಲಿ 83,400 ಭಾರತದವು. ಒಂದು ದೇಶದ ಪಾಲು ಇಷ್ಟಿರುವಾಗ ಇದನ್ನು ಜಗತ್ತಿನ ರೋಗ ಎನ್ನುವುದಕ್ಕಿಂತ ನಮ್ಮ ರೋಗ ಎನ್ನುವುದೇ ಸರಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆ ಎರಡು ದಶಕಗಳ ಹಿಂದೆಯೇ ಹೇಳಿದೆ. ಊಟದ ನಂತರ ಎಲೆ-ಅಡಿಕೆ ಹಾಕಿಕೊಳ್ಳುವ ರೂಢಿಯಿರುವ, ಅಡಿಕೆ ಬೆಳೆಯನ್ನೇ ನಂಬಿದ ರೈತರಿರುವ ನಮ್ಮ ರಾಜ್ಯದಲ್ಲಿ ಇದನ್ನು ಹೇಳುವುದು ಕಷ್ಟ. ಆದರೆ ಪುರಾವೆ ಇರುವುದು ಹಾಗೆ, ಮತ್ತು ಇಡೀ ದಿನ ಕೆನ್ನೆಯಲ್ಲಿ ಪುಡಿಯನ್ನು ಒತ್ತರಿಸಿಕೊಂಡಿರುವ ಹುಡುಗನಿಗೆ ಅದನ್ನು ಮುಚ್ಚಿಡುವುದು ಅನ್ಯಾಯ.

ಅಡಿಕೆ ಮಾಡುವ ಮೊದಲ ಹಾನಿ ಕ್ಯಾನ್ಸರಿಗಿಂತ ಎಷ್ಟೋ ಮುಂಚೆ ಕಾಣಿಸುತ್ತದೆ. ಸಂಜೆ ಹೊತ್ತು ಬಳ್ಳಾರಿಯ ಮಿರ್ಚಿ-ಮಂಡಕ್ಕಿ ಅಂಗಡಿಯೊಂದರ ಮುಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ. ಅದಿರು ಲಾರಿಗಳ ಉಸ್ತುವಾರಿ ಕೆಲಸ, ವಯಸ್ಸು ಮೂವತ್ತರ ಒಳಗೆ. ಸಂಗಡಿಗರೆಲ್ಲ ಬಿಸಿ ಮಿರ್ಚಿ ತಿನ್ನುತ್ತಿದ್ದರೆ ಅವನು ಒಗ್ಗರಣೆಯಿಲ್ಲದ ಮಂಡಕ್ಕಿಯನ್ನು ಎರಡೆರಡೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಯಾಕಪ್ಪಾ ಎಂದರೆ, “ಖಾರ ತಡಕಳಾಕ ಆಗವಲ್ದು ಸರ್, ಬಾಯಿ ಉರೀತೈತಿ” ಎಂದ. ಮೂರು ಬೆರಳು ಜೋಡಿಸಿ ನೆಟ್ಟಗೆ ಹಲ್ಲುಗಳ ನಡುವೆ ಇಡು ಎಂದೆ. ಎರಡು ಬೆರಳಿಗೇ ತಡೆಯಿತು. ಕೆನ್ನೆಯ ಒಳಗೆ ಬಿಳಿಚಿಕೊಂಡು ಗಟ್ಟಿಯಾದ ಪಟ್ಟಿಗಳು. ಹಲ್ಲಿನ ವೈದ್ಯರು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯ ಅಂಶದಿಂದ ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ, ಮುಂದೆ ಅದರಲ್ಲಿ ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಆ ಹುಡುಗ ಬಿ.ಪಿ., ಶುಗರ್ ತಪಾಸಣೆಯನ್ನು ಕೆಲಸದ ಜಾಗದಲ್ಲಿ ಪ್ರತಿವರ್ಷ ಮಾಡಿಸಿಕೊಳ್ಳುತ್ತಿದ್ದವನು. ಬಾಯಿ ತೆರೆಸಿ ನೋಡಿದವರು ಯಾರೂ ಇರಲಿಲ್ಲ.

ಬಾಯಿ ತೆರೆಸಿ ನೋಡುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಪುರಾವೆ ಸಿಕ್ಕಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಹದಿಮೂರು ಪಂಚಾಯಿತಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚ್ ಬೆಳಕಿನಲ್ಲಿ ಬಾಯಿ ಪರೀಕ್ಷಿಸಿದರು. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು ಕಂಡವರನ್ನು ವೈದ್ಯರ ಬಳಿಗೆ ಕಳಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಇದಕ್ಕೆ ಬೇಕಾದದ್ದು ಟಾರ್ಚು ಮತ್ತು ತರಬೇತಿ. ಮೂವತ್ತು ವರ್ಷ ದಾಟಿದವರ ಬಾಯಿ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈಗಾಗಲೇ ಸೇರಿದೆ, ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿಯೂ ಇದೆ. ಕಾಗದದ ಮೇಲಿರುವುದು ನಡೆಯಬೇಕು. ಬಿ.ಪಿ. ನೋಡಿದ ಮೇಲೆ ಬಾಯಿಯ ಕಾಲಂನಲ್ಲಿ ‘ಸಾಮಾನ್ಯ’ ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಎಲ್ಲೇ ಇದ್ದರೂ ಅದು ನಿಲ್ಲಬೇಕು. ನಮ್ಮ ಕಡೆ ಹದಿನೇಳು ಹದಿನೆಂಟಕ್ಕೇ ಚಟ ಹತ್ತುವುದರಿಂದ ಗಣಿ, ಕಾರ್ಖಾನೆ, ರೈಸ್ ಮಿಲ್ಲುಗಳಲ್ಲಿ ಮೂವತ್ತಕ್ಕೆ ಕಾಯದೆ ನೋಡುವುದು ಒಳ್ಳೆಯದು.

ವ್ಯಸನದ ವಿಷಯಕ್ಕೆ ನಾನು ಹೆಚ್ಚು ಜಾಗ ಕೇಳುತ್ತೇನೆ, ಏಕೆಂದರೆ ಇಲ್ಲಿಯೇ ತಪ್ಪು ತಿಳಿವಳಿಕೆ ಹೆಚ್ಚು. ವ್ಯಸನಮುಕ್ತಿ ಎಂದರೆ ನಮ್ಮಲ್ಲಿ ಕುಡಿತ ಬಿಡಿಸುವುದು ಎಂದೇ ಅರ್ಥ. ಗುಟ್ಕಾ, ಖೈನಿ, ಕಡ್ಡಿಪುಡಿ ತಿನ್ನುವವನನ್ನು ಯಾರೂ ಚಿಕಿತ್ಸೆಗೆ ಕರೆದೊಯ್ಯುವುದಿಲ್ಲ. ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂದು ಬೈದು ಸುಮ್ಮನಾಗುತ್ತಾರೆ. ಆದರೆ ತಂಬಾಕಿಗೆ ಸುಣ್ಣ ಬೆರೆಸಿ ತಿಕ್ಕಿದಾಗ ನಿಕೋಟಿನ್ ಕೆನ್ನೆಯ ಒಳಪದರದಿಂದ ಬೇಗ ಹೀರಿಕೊಳ್ಳುವ ರೂಪಕ್ಕೆ ಬರುತ್ತದೆ, ಮಿದುಳಿನ ನಿರ್ದಿಷ್ಟ ಗ್ರಾಹಿಗಳಿಗೆ ಅಂಟಿ ಡೋಪಮಿನ್ ಬಿಡುಗಡೆ ಮಾಡಿಸುತ್ತದೆ. ಕ್ರಮೇಣ ಮಿದುಳು ಅದಿಲ್ಲದೆ ಸಹಜವಾಗಿ ನಡೆಯದ ಸ್ಥಿತಿಗೆ ಬರುತ್ತದೆ. ಪಾರ್ಶ್ವವಾಯುವಿನಿಂದ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಹಾನಿಯಾದ ಕೆಲವು ಧೂಮಪಾನಿಗಳಿಗೆ ಸೇದುವ ಆಸೆಯೇ ಹೊರಟುಹೋದದ್ದನ್ನು 2007ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದ್ದರು. ಚಟ ಮಿದುಳಿನ ಜಾಲಗಳಲ್ಲಿ ಬೇರು ಬಿಟ್ಟಿರುತ್ತದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ. ಹಾಗಿರುವಾಗ ಬೈಗುಳ ಚಿಕಿತ್ಸೆಯಾಗದು.

ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ವಯಸ್ಕರು ತಂಬಾಕು ಬಿಡುವುದಕ್ಕೆ ನೀಡಿದ ಮೊದಲ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಹೊಗೆರಹಿತ ತಂಬಾಕು ಬಿಡಬೇಕೆನ್ನುವವರಿಗೂ ವರೆನಿಕ್ಲಿನ್ ಮಾತ್ರೆ ಅಥವಾ ನಿಕೋಟಿನ್ ಗಮ್‌ನಂಥ ಬದಲಿ ಚಿಕಿತ್ಸೆಯನ್ನು, ಆಪ್ತಸಮಾಲೋಚನೆಯ ಜೊತೆಗೆ ಶಿಫಾರಸು ಮಾಡಿದೆ. ವರೆನಿಕ್ಲಿನ್ ಮಿದುಳಿನಲ್ಲಿ ನಿಕೋಟಿನ್ ಅಂಟುವ ಅದೇ ಗ್ರಾಹಿಗಳ ಮೇಲೆ ಕುಳಿತು ಅರ್ಧ ಮಟ್ಟಿಗೆ ಮಾತ್ರ ಅವನ್ನು ಪ್ರಚೋದಿಸುತ್ತದೆ. ಚಡಪಡಿಕೆ ಕಡಿಮೆಯಾಗುತ್ತದೆ, ತಂಬಾಕು ಹಾಕಿದರೂ ಮೊದಲಿನ ಮಜಾ ಸಿಗುವುದಿಲ್ಲ. ಮನಸ್ಸಿನ ಮೇಲೆ ದುಷ್ಪರಿಣಾಮ ಆಗುತ್ತದೆಂಬ ಭಯವಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ದುಷ್ಪರಿಣಾಮಗಳ ಗಮನಾರ್ಹ ಹೆಚ್ಚಳ ಕಾಣಲಿಲ್ಲ. ವಾಕರಿಕೆ ಮಾತ್ರ ಕೆಲವರಿಗೆ ಆಗುತ್ತದೆ, ವೈದ್ಯರ ಸಲಹೆ ಬೇಕೇ ಬೇಕು. ನಿಕೋಟಿನ್ ಬದಲಿ ಚಿಕಿತ್ಸೆ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸೇರಿದೆ. ಅಗತ್ಯ ಔಷಧಿ ಎಂದಮೇಲೆ ಅದು ಸಿರಗುಪ್ಪ, ಕುಷ್ಟಗಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಪ್ಯಾರಾಸಿಟಮಾಲ್ ಸಿಕ್ಕಷ್ಟೇ ಸಹಜವಾಗಿ ಸಿಗಬೇಕು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು, ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಕುಡಿತವನ್ನೂ ಬಿಡಿಸುತ್ತದೆ ಎಂಬ ಸುದ್ದಿಗೆ ಸಿಕ್ಕ ಪ್ರಚಾರ. 2025ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು 48 ಜನ, ಅವಧಿ ಒಂಬತ್ತು ವಾರ. ಕುಡಿಯುವ ಆಸೆ ಮತ್ತು ಕುಡಿದ ದಿನದಂದು ಕುಡಿಯುವ ಪ್ರಮಾಣ ಕಡಿಮೆಯಾದವು. ಕುಡಿಯುವ ದಿನಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಮುಂದೆ ದೊಡ್ಡ ಅಧ್ಯಯನಗಳು ಇದನ್ನು ಗಟ್ಟಿ ಮಾಡಲಿ ಎಂದೇ ನಾನೂ ಹಾರೈಸುತ್ತೇನೆ, ಏಕೆಂದರೆ ಕುಡಿತವೂ ತಂಬಾಕೂ ಕೂಡಿದರೆ ಬಾಯಿ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು. ಆದರೆ ಇಂದೇ ಕೈಯಲ್ಲಿರುವ ಮಾತ್ರೆಯ ಬಗ್ಗೆ ಒಂದು ಸಾಲೂ ಬರೆಯದೆ, ನಾಳೆ ಬರಬಹುದಾದ ಚುಚ್ಚುಮದ್ದಿನ ಬಗ್ಗೆ ಅರ್ಧ ಪುಟ ಬರೆದರೆ ಓದುಗನಿಗೆ ಉಪಕಾರವಾಗದು.

ಶಸ್ತ್ರಚಿಕಿತ್ಸೆಗೂ ಚಟಕ್ಕೂ ಇರುವ ನೇರ ಸಂಬಂಧವನ್ನೂ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಸುಮಾರು ನಾಲ್ಕು ವಾರ ಮೊದಲು ಧೂಮಪಾನ ಬಿಟ್ಟವರಲ್ಲಿ ತೊಡಕುಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸ್ಪಷ್ಟಪಡಿಸಿದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಕಾಲಿನಿಂದ ತಂದು ಕೂಡಿಸಿದ ಮೂಳೆ ಬದುಕುವುದು ಅಂಥ ನಾಳಗಳ ಮೇಲೆಯೇ. ಎಷ್ಟೇ ಒಳ್ಳೆಯ ಟೈಟಾನಿಯಂ ಹಾಕಿದರೂ ಸುತ್ತಲಿನ ಮಾಂಸ ಮಾಯದಿದ್ದರೆ ಪ್ಲೇಟು ಚರ್ಮ ಹರಿದು ಹೊರಗೆ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕುಳಿತು ಹೋಗಿ, ಸರದಿಗಾಗಿ ಕಾದು, ಸಾಲ ಮಾಡಿ ಗುಣವಾಗಿ ಬಂದವನು ಊರಿಗೆ ಮರಳಿದ ಮೇಲೆ ಮತ್ತೆ ಗೂಡಂಗಡಿಯ ಮುಂದೆ ನಿಲ್ಲುವುದಕ್ಕೆ ಅವನ ದುರ್ಬಲ ಮನಸ್ಸಷ್ಟೇ ಕಾರಣವಲ್ಲ. ಅವನ ಕೈಗೆ ಚಟ ಬಿಡುವ ಔಷಧಿಯ ಚೀಟಿಯನ್ನು ಯಾರೂ ಕೊಟ್ಟಿರುವುದಿಲ್ಲ.

ಕಾನೂನಿನ ಬಗ್ಗೆ ಎರಡೇ ಮಾತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಜೋಡಿಯಾಗಿ ಮಾರಾಟವಾಗುತ್ತಿದೆ, ಕೊಂಡವನು ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಕಾಲೇಜುಗಳ ಎದುರಿನ ಅಂಗಡಿಗಳಲ್ಲಿ ಇದು ಪಾಲನೆಯಾಗುತ್ತಿದೆಯೇ ಎಂದು ತಮ್ಮ ಜಿಲ್ಲಾ ವರದಿಗಾರರು ಒಮ್ಮೆ ನೋಡಿ ಬರೆದರೆ ಬಹಳ ಉಪಯೋಗವಾಗುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಲೋಹ, ಶಸ್ತ್ರಚಿಕಿತ್ಸೆ, ಔಷಧಿ ಯಾವುದರ ಸಂಶೋಧನೆಯನ್ನೇ ಪ್ರಕಟಿಸುವಾಗಲೂ ಅದು ಪ್ರಯೋಗಾಲಯದ ಕೋಶಗಳ ಮೇಲೆ ನಡೆದದ್ದೋ, ಇಲಿಗಳ ಮೇಲೋ, ಎಷ್ಟು ಜನ ರೋಗಿಗಳ ಮೇಲೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿರಿ. ಅದು ನಮ್ಮ ರಾಜ್ಯದಲ್ಲಿ ಎಲ್ಲಿ ದೊರೆಯುತ್ತದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಸೇರಿದೆಯೇ ಎಂಬುದನ್ನೂ ವರದಿಗಾರರು ಕೇಳಿ ಬರೆಯಲಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಎಂಬುದನ್ನು ಪತ್ರಿಕೆಯ ಒಂದು ಮೂಲೆಯಲ್ಲಿ ದಿನವೂ ಅಚ್ಚು ಹಾಕಿದರೆ ಅದಕ್ಕೆ ಹಿಡಿಯುವ ಜಾಗ ಒಂದು ಅಂಗುಲ.

ಆರೋಗ್ಯ ಇಲಾಖೆಯ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ತಂಬಾಕು ಮತ್ತು ಅಡಿಕೆ ಸೇವನೆಗೆ ಒಂದು ಕಾಲಂ, ಬಾಯಿ ಎಷ್ಟು ಬೆರಳು ತೆರೆಯುತ್ತದೆ ಎಂಬುದಕ್ಕೆ ಇನ್ನೊಂದು ಕಾಲಂ ಮುದ್ರಿಸಿ, ಅದನ್ನು ತುಂಬದೆ ಚೀಟಿ ಮುಂದೆ ಹೋಗದಂತೆ ನೋಡಿಕೊಳ್ಳಬೇಕು, ನಿಕೋಟಿನ್ ಗಮ್ ಮತ್ತು ವರೆನಿಕ್ಲಿನ್ ದಾಸ್ತಾನು ಎಷ್ಟಿದೆ ಎಂಬುದನ್ನು ಪ್ರತಿ ತಿಂಗಳು ಆಸ್ಪತ್ರೆಯ ಫಲಕದಲ್ಲಿ ಬರೆಯಬೇಕು, ಹಲ್ಲಿನ ವೈದ್ಯರು ವಾರದಲ್ಲಿ ಒಂದು ದಿನವಾದರೂ ಗಣಿ ಮತ್ತು ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿಯೇ ಕುಳಿತು ಕಾರ್ಮಿಕರ ಬಾಯಿ ನೋಡುವಂತೆ ಕಾರ್ಖಾನೆಗಳ ಆಡಳಿತದವರ ಜೊತೆ ಮಾತಾಡಿ ಏರ್ಪಾಡು ಮಾಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೋಹಶಾಸ್ತ್ರ ಉಪನ್ಯಾಸಕ,
ಬಳ್ಳಾರಿ